ಮರೆಯಲ್ಲಿ ನಿಂತವನಿಗೆ ಅರ್ಥ ಹೇಳುವುದು

ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಜಗಲಿಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಸತ್ತಿರುತ್ತಾರೆ. ಹೆಚ್ಚಿನವರು ಸಾಯುವುದು ವಿಮಾನ ಅಪಘಾತದಲ್ಲಿ. ಕೆಲವರಿಗೆ ಕ್ಯಾನ್ಸರ್. ಸತ್ತವರೆಲ್ಲರಿಗೂ ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಡಾಲರು ಉಂಟು, ವಾರಸುದಾರರು ಮಾತ್ರ ಇಲ್ಲ. ಆ ದುಃಖದ ನಡುವೆಯೂ ಬ್ಯಾಂಕಿನ ಮ್ಯಾನೇಜರಿಗೆ, ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಮೂರು ಮೈಲು ಗುಡ್ಡ ಇಳಿದರೆ ಸಿಗುವ ಒಂದು ಅಡಿಕೆ ತೋಟದವನ ನೆನಪಾಗುತ್ತದೆ. ಇಮೈಲನ್ನು ‘ನನ್ನ ಅತ್ಯಂತ ಪ್ರಿಯರೇ’ ಎಂದು ಶುರು ಮಾಡುತ್ತಾನೆ. ನನ್ನ ಸ್ವಂತ ಷಡ್ಡಕ ನನಗೆ ಇಷ್ಟು ಪ್ರೀತಿಯಿಂದ ಬರೆದದ್ದಿಲ್ಲ.

ಸಾವಿನ ಸುದ್ದಿ ಇಲ್ಲದ ದಿನ ಲಾಟರಿ. ನಾನು ಕೇರಳದ ಲಾಟರಿಯನ್ನು ‘ಆನ್‌ಲೈನ್‌ನಲ್ಲಿ’ ಗೆದ್ದಿದ್ದೇನಂತೆ. 1967ರಿಂದ ಸರಕಾರವೇ ನಡೆಸುವ ಆ ಲಾಟರಿಯ ಚೀಟಿ ಇಂದಿಗೂ ಕಾಗದದ್ದೇ. ಪೆರ್ಲ ಪೇಟೆಯಲ್ಲಿ ಚೀಟಿಯ ಕಟ್ಟು ಹಿಡಿದವ ಬಸ್ಸಿನ ಕಿಟಕಿಯವರೆಗೂ ಬರುತ್ತಾನೆ. ಕಾಗದದ ಚೀಟಿಯಲ್ಲೇ ಮೂವತ್ತು ವರ್ಷ ಸೋತ ನನಗೆ, ಕೊಳ್ಳದ ಚೀಟಿಯಲ್ಲಿ ಗೆಲುವು ಬಂದದ್ದು ಮೊದಮೊದಲು ಸಂತೋಷವನ್ನೇ ಕೊಟ್ಟಿತ್ತು ಎಂದು ಒಪ್ಪಿಕೊಳ್ಳಬೇಕು.

ಇಂಥವಕ್ಕೆ ಸ್ಪ್ಯಾಮ್ ಎಂದು ಹೆಸರು ಎಂದು ಹೇಳಿದವನು ನನ್ನ ಅಳಿಯ, ತಂಗಿಯ ಮಗ. ಬೆಂಗಳೂರಿನಲ್ಲಿ ಇಮೈಲು ಹೋಗಿಬರುವ ಯಂತ್ರಗಳನ್ನು ನೋಡಿಕೊಳ್ಳುವುದೇ ಅವನ ಉದ್ಯೋಗ. 1937ರಲ್ಲಿ ಅಮೆರಿಕದ ಒಂದು ಕಂಪೆನಿ ಡಬ್ಬಿಯಲ್ಲಿ ತುಂಬಿ ಮಾರಲು ಹೊರಟ ಹಂದಿಮಾಂಸದ ಹೆಸರಂತೆ ಅದು. ಮುಂದೆ ಬ್ರಿಟನ್ನಿನ ಒಂದು ಟಿವಿ ಹಾಸ್ಯದಲ್ಲಿ ಹೋಟೆಲಿನ ಯಾವ ತಿಂಡಿ ಕೇಳಿದರೂ ಅದೇ ಮಾಂಸ, ಯಾರು ಬಾಯಿ ತೆರೆದರೂ ಅದೇ ಪದ. ಬೇಡವೆಂದರೂ ಬಂದು ಬೀಳುವುದಕ್ಕೆ ಹೆಸರು ಹಾಗೆ ಅಂಟಿತು. ಈರುಳ್ಳಿ ತರುವುದಕ್ಕೂ ಒಂದು ಕಾಲದಲ್ಲಿ ಚರ್ಚೆಯಾಗುತ್ತಿದ್ದ ನಮ್ಮ ಮನೆಗೆ ದಿನಕ್ಕೆ ಏಳೆಂಟು ಡಬ್ಬಿ ಬರುತ್ತಿದೆ ಎಂಬುದನ್ನು ನಾನು ಅಮ್ಮನಿಗೆ ಹೇಳಿಲ್ಲ.

ವಿಷಯ ಹೊಸತು ಎಂದು ನನಗೆ ಅನಿಸುವುದಿಲ್ಲ. ನಾನು ಹುಡುಗನಾಗಿದ್ದಾಗ ಪೋಸ್ಟ್‌ಕಾರ್ಡು ಬರುತ್ತಿತ್ತು: ಇದನ್ನು ಓದಿ ಹದಿನಾರು ಮಂದಿಗೆ ಬರೆದು ಕಳಿಸಿದವನಿಗೆ ನಿಧಿ ಸಿಕ್ಕಿತು, ಹರಿದು ಹಾಕಿದವನ ಹಸು ಸತ್ತಿತು. ಅಪ್ಪ ಹರಿದು ಹಾಕುತ್ತಿದ್ದರು, ಆಮೇಲೆ ಏನೂ ಆಗದವರಂತೆ ಹಟ್ಟಿಯ ಕಡೆ ಒಂದು ಸುತ್ತು ಹೋಗಿಬರುತ್ತಿದ್ದರು. ಬೇರಿಂಗ್ ಕಾಗದವೂ ಇತ್ತು. ಕಳಿಸಿದವ ಅಂಚೆಚೀಟಿ ಅಂಟಿಸದಿದ್ದರೆ ತೆಗೆದುಕೊಳ್ಳುವವನು ಅದರ ಇಮ್ಮಡಿ ಕೊಡಬೇಕು. ಪೋಸ್ಟ್‌ಮನ್ ಅಂಗಳದಲ್ಲಿ ನಿಂತು ಚಿಲ್ಲರೆ ಕೇಳುವಾಗ ಅಪ್ಪ ಲಕೋಟೆಯನ್ನು ಬಿಸಿಲಿಗೆ ಹಿಡಿದು ಒಳಗಿನ ಅಕ್ಷರದ ನೆರಳು ನೋಡಿ, ‘ಬೇಡ, ವಾಪಸು ತೆಗೆದುಕೊಂಡು ಹೋಗಿ’ ಎನ್ನುತ್ತಿದ್ದರು. ಇಮೈಲಿನ ಸ್ಪ್ಯಾಮ್ ಎಂದರೆ ಲಕ್ಷಗಟ್ಟಲೆ ಬೇರಿಂಗ್ ಕಾಗದ. ಕಳಿಸುವವನಿಗೆ ಹೆಚ್ಚುಕಡಿಮೆ ಪುಕ್ಕಟೆ. ಸಮಯ, ಜಾಗ, ತಲೆಬಿಸಿ ಎಲ್ಲ ತೆಗೆದುಕೊಳ್ಳುವವನ ಖರ್ಚು. 1978ರ ಮೇ 3ರಂದು ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪ್ಯೂಟರು ಕಂಪೆನಿಯ ಜಾಹೀರಾತನ್ನು ಸುಮಾರು ನಾನೂರು ವಿಳಾಸಗಳಿಗೆ ಒಟ್ಟಿಗೇ ಕಳಿಸಿದ್ದು ಈ ಕುಲದ ಮೂಲಪುರುಷ. ಅವತ್ತೇ ಬೈಗುಳವೂ ಬಂದಿತ್ತು. ಮಾಡಿದವರ ಹೆಸರು ಗೊತ್ತಿದ್ದ, ಬೈದದ್ದು ಅವರಿಗೇ ಮುಟ್ಟುತ್ತಿದ್ದ ಒಳ್ಳೆಯ ಕಾಲ ಅದು.

ನನ್ನ ತಾಪತ್ರಯ ಶುರುವಾದದ್ದು ಸ್ಪ್ಯಾಮಿನಿಂದಲ್ಲ, ತಾಳಮದ್ದಳೆಯಿಂದ. ನಾನು ಸಣ್ಣಪುಟ್ಟ ಅರ್ಥ, ಎಂದರೆ ಪಾತ್ರದ ಮಾತು, ಹೇಳುವವ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡಿ ಬಿಟ್ಟರೆ ಆಮೇಲೆ ಎಲ್ಲವೂ ಬಾಯಿಯ ಮೇಲೆಯೇ. ಎದುರಿನವ ಒಂದು ಮಾತು ಎಸೆದರೆ ಅದನ್ನು ನೆಲಕ್ಕೆ ಬೀಳಗೊಡಬಾರದು. ಬಿದ್ದರೆ ಸೋಲು. ಕುಂಬಳೆ ಸೀಮೆಯಲ್ಲಿ ಹುಟ್ಟಿದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದವರು ನಾವು. ಬಾಣ ತಾಗಿ ಬಿದ್ದ ವಾಲಿ ಸುಮ್ಮನೆ ಪ್ರಾಣ ಬಿಡುವುದಿಲ್ಲ. ರಾಮನನ್ನು ಎದುರು ನಿಲ್ಲಿಸಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ಇಂಥ ಊರಿನಲ್ಲಿ ಹುಟ್ಟಿದವನಿಗೆ, ಬಂದ ಕಾಗದಕ್ಕೆ ಉತ್ತರ ಬರೆಯದೆ ‘ಡಿಲೀಟ್’ ಒತ್ತುವುದೆಂದರೆ ರಂಗಸ್ಥಳದಿಂದ ಎದ್ದು ಓಡಿದ ಹಾಗೆ.

ಒಂದು ಮಳೆಗಾಲ. ತೋಟಕ್ಕೆ ಮದ್ದು ಬಿಡಲು ಬಿಸಿಲು ಕಾದು ಕಾದು ಸಾಕಾಗಿ, ಕೂತಲ್ಲೇ ಒಬ್ಬ ಬ್ಯಾರಿಸ್ಟರನಿಗೆ ಉತ್ತರ ಬರೆದೆ. ಅವನ ಕಕ್ಷಿದಾರರು ಕುಟುಂಬಸಮೇತ ತೀರಿಕೊಂಡಿದ್ದರು, ನಾನು ಹತ್ತಿರದ ಬಂಧುವೆಂದು ಹೇಳಿಕೊಂಡರೆ ಆಯಿತು, ಹಣದಲ್ಲಿ ನಲವತ್ತು ಪರ್ಸೆಂಟು. ನಾನು ಕೇಳಿದೆ: ತೀರಿಕೊಂಡವರ ಗೋತ್ರ ಯಾವುದು? ಉತ್ತರಕ್ರಿಯೆ ಮಾಡಿದವರು ಯಾರು? ಹನ್ನೆರಡನೆಯ ದಿನದ ಸಪಿಂಡಿ ಆಗದೆ ನಾನು ಆಸ್ತಿ ಮುಟ್ಟಿದರೆ ಆ ದೋಷ ನಿಮಗೋ ನನಗೋ? ಬಂಧುವೆಂದರೆ ನನಗೆ ಹತ್ತು ದಿನದ ಸೂತಕ, ಈ ಹತ್ತು ದಿನ ತೋಟದ ದೈವಕ್ಕೆ ದೀಪ ಇಡುವವರು ಯಾರು?

ಹತ್ತೇ ನಿಮಿಷದಲ್ಲಿ ಉತ್ತರ ಬಂತು. ತೀರಿಕೊಂಡವರ ಗೋತ್ರದ ಸರ್ಟಿಫಿಕೇಟು ತನ್ನ ಕಚೇರಿಯಲ್ಲಿ ಭದ್ರವಾಗಿದೆ, ಪ್ರತಿ ಬೇಕಿದ್ದರೆ ಇನ್ನೂರು ಡಾಲರು ಪ್ರತ್ಯೇಕ.

ಎಂಥ ಅರ್ಥಧಾರಿ ಮಾರಾಯ್ರೆ! ಗೋತ್ರ ಎಂದರೇನೆಂದು ಗೊತ್ತಿಲ್ಲದಿದ್ದರೂ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. ಅವತ್ತಿನಿಂದ ನನಗೆ ರುಚಿ ಹತ್ತಿತು. ಸಂಜೆ ಆರಕ್ಕೆ ನಮ್ಮ ಜಗಲಿಯಲ್ಲಿ ನಾಲ್ಕೈದು ಮಂದಿ ಸೇರುವುದು, ನಾನು ಇವತ್ತಿನ ಸಂವಾದ ಓದುವುದು, ಚೆಂಡೆಯವರು ಮಧ್ಯೆ ‘ಭೇಷ್’ ಎನ್ನುವುದು. ಒಂದು ತಿಂಗಳಲ್ಲಿ ನನ್ನ ಬಳಿ ಬ್ಯಾರಿಸ್ಟರಲ್ಲದೆ ಇಬ್ಬರು ವಿಧವೆಯರು, ಒಬ್ಬ ಸೇನಾಧಿಕಾರಿ, ಗುಪ್ತನಿಧಿ ಇದ್ದ ಒಬ್ಬ ರಾಜಕುಮಾರ ಇದ್ದರು. ನೈಜೀರಿಯಾದ ದಂಡಸಂಹಿತೆಯಲ್ಲಿ ಇಂಥ ವಂಚನೆಗೆ ಇರುವ ಸೆಕ್ಷನ್ನಿನ ನಂಬರು 419 ಎಂದೂ, ಆ ಅಂಕೆಯೇ ಈ ಕಸುಬಿನ ಹೆಸರಾಗಿದೆ ಎಂದೂ ತಿಳಿದ ಮೇಲೆ ರಾಜಕುಮಾರನನ್ನು ‘ನಾಲ್ಕುನೂರ ಹತ್ತೊಂಬತ್ತನೆಯ ಮಹಾರಾಜ’ ಎಂದೇ ಸಂಬೋಧಿಸುತ್ತಿದ್ದೆ. ಇದನ್ನೆಲ್ಲ ಬರೆಯುತ್ತಿದ್ದದ್ದು ನಮ್ಮ ಯಕ್ಷಗಾನ ಸಂಘದ ವಿಳಾಸದಿಂದ. ನಾನು ಸಂಘದ ಕಾರ್ಯದರ್ಶಿ. ಸಂಘದ ಹೆಸರಿನಲ್ಲೇ ಒಂದು ವಿಳಾಸವನ್ನು ಅಳಿಯ ಮಾಡಿಕೊಟ್ಟಿದ್ದ. ನೋಡಲು ಗೌರವವಾಗಿ ಕಾಣುತ್ತದೆ ಎಂದು ಅದನ್ನೇ ಬಳಸಿದೆ. ಆ ಗೌರವದ ಲೆಕ್ಕ ಆಮೇಲೆ ಬರುತ್ತದೆ.

ಏಳೆಂಟು ಬರುತ್ತಿದ್ದ ಮೈಲು ಎರಡು ತಿಂಗಳಲ್ಲಿ ದಿನಕ್ಕೆ ನೂರು ದಾಟಿತು. ಷಷ್ಠಿಗೆಂದು ಊರಿಗೆ ಬಂದ ಅಳಿಯ ಲ್ಯಾಪ್‌ಟಾಪು ತೆರೆದವನೇ ಕಣ್ಣು ಬಿಟ್ಟ.

“ಮಾವಾ, ನಿಂಗೊಗೆ ಬೇರೆ ಕೆಲಸ ಇಲ್ಲೆಯಾ? ಇದಕ್ಕೆಲ್ಲ ಎಂತಕೆ ಉತ್ತರ ಬರವಲೆ ಹೋದ್ದು?”

ಅವನು ವಿವರಿಸಿದ್ದು ಇಷ್ಟು. ಕಳಿಸುವವರ ಕೈಯಲ್ಲಿರುವ ಪಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತ ವಿಳಾಸಗಳು. ಉತ್ತರ ಬರೆದೆವೆಂದರೆ ಇಲ್ಲಿ ಜೀವ ಉಂಟು ಎಂದಾಯಿತು. ರಾತ್ರಿ ಅಂಗಳದಲ್ಲಿ ಸದ್ದಾದಾಗ ‘ಯಾರದು?’ ಎಂದು ಕೂಗುತ್ತೇವಲ್ಲ, ಕೂಗಿದವನಿಗೆ ಉತ್ತರ ಸಿಗುವುದಿಲ್ಲ, ಅಂಗಳದಲ್ಲಿದ್ದವನಿಗೆ ಮಾತ್ರ ಮನೆಯವರು ಯಾವ ಕೋಣೆಯಲ್ಲಿ ಮಲಗಿದ್ದಾರೆಂದು ತಿಳಿಯುತ್ತದೆ. ಜೀವವಿರುವ ವಿಳಾಸಕ್ಕೆ ಬೆಲೆ ಹೆಚ್ಚು, ಅದು ಕೈಯಿಂದ ಕೈಗೆ ಮಾರಾಟವಾಗುತ್ತದೆ. ಉತ್ತರ ಬರೆಯುವುದೂ ಬೇಕಿಲ್ಲ. ಕಾಗದದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರುತ್ತಾರೆ, ತೆರೆದರೆ ಅದು ಅವರ ಯಂತ್ರದಿಂದ ಇಳಿದು ಬರುತ್ತದೆ, ತೆರೆದ ಸುದ್ದಿ ಅಲ್ಲಿ ದಾಖಲಾಗುತ್ತದೆ. ಇಂಥವರ ಕಾಗದದ ಅಡಿಯಲ್ಲಿ ‘ಇನ್ನು ಮುಂದೆ ಬೇಡ’ ಎಂದು ಒತ್ತಲು ಇರುವ ಗುಂಡಿಯೂ ಅಷ್ಟೇ.

“ಆದರೆ ನಾನು ಬಯ್ಯುವುದಾದರೂ ಅವರಿಗೆ ಮುಟ್ಟುತ್ತದಲ್ಲ?”

“ಅದು ಆರು ಹೇಳಿ ಗೊಂತಿದ್ದಾ ನಿಂಗೊಗೆ?” ಎಂದ.

ಅವರು ಯಾರೆಂದು ಗೊತ್ತಿಲ್ಲ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂಬದಿಯಲ್ಲಿ ‘ಇವರಿಂದ’ ಎಂದು ಒಂದು ಜಾಗ ಇರುತ್ತಿತ್ತು. ಅಲ್ಲಿ ನಾನು ಮಂಜೇಶ್ವರದ ಗೋವಿಂದ ಪೈಗಳ ಹೆಸರು ಬರೆದು ಡಬ್ಬಿಗೆ ಹಾಕಿದ್ದರೂ ಪೋಸ್ಟ್‌ಮಾಸ್ಟರು ತಡೆಯುತ್ತಿರಲಿಲ್ಲ. ಇಮೈಲಿನ ಹಳೆಯ ಕಟ್ಟಳೆಯೂ ಹಾಗೆಯೇ. ಅದನ್ನು 1982ರಲ್ಲಿ ಬರೆದಿಟ್ಟಾಗ ಈ ದಾರಿಯಲ್ಲಿ ಓಡಾಡುತ್ತಿದ್ದವರು ಸ್ವಲ್ಪ ಮಂದಿ, ಅವರೆಲ್ಲ ಒಬ್ಬರಿಗೊಬ್ಬರು ಗುರುತಿನವರು. ಬಾಗಿಲಿಗೆ ಚಿಲಕ ಬೇಕೆಂದು ಅನಿಸಲಿಲ್ಲ. ಈಗ ಮೊಹರು, ಸಹಿ ಎಂದು ಹಲವು ಬಂದೋಬಸ್ತು ಬಂದಿದೆ, ಆದರೆ ಅದನ್ನು ಮನೆಯವರೇ ಹಾಕಿಸಿಕೊಳ್ಳಬೇಕು. ನಮ್ಮ ಸಂಘದ ವಿಳಾಸಕ್ಕೆ ಹಾಕಿಸಿದ್ದೀಯಾ ಎಂದು ಕೇಳಿದಾಗ ಅಳಿಯ ಕಾಫಿ ಲೋಟದೊಳಗೆ ನೋಡಿದ.

ಅಷ್ಟರಲ್ಲಿ ನಾನು ಒಂದು ಪಾಪ ಮಾಡಿಯಾಗಿತ್ತು. ಗಂಡಸುತನದ ಮದ್ದು ಮಾರುವ ಒಂದು ಮೈಲು ಬಂದಿತ್ತು, ಕೆಳಗೆ ಯಾರದೋ ಸರಿಯಾದ ಹೆಸರು. ಆ ಹೊತ್ತು ಪಕ್ಕದಲ್ಲಿ ಸೊಸೆ ಕೂತಿದ್ದಳು, ಹಾಗಾಗಿ ಸಿಟ್ಟು ನೆತ್ತಿಗೇರಿತು. ಎರಡು ಪುಟ ಬರೆದೆ. ಮಾಗಧ ಜರಾಸಂಧನ ಪಾತ್ರಕ್ಕೆಂದು ಕೂಡಿಟ್ಟ ಮಾತುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಮರುದಿನ ಒಬ್ಬ ಹೆಂಗಸಿನಿಂದ ಉತ್ತರ: ‘ನಾನು ಮಕ್ಕಳಿಗೆ ಪಿಯಾನೋ ಕಲಿಸುವವಳು. ಯಾರೋ ನನ್ನ ವಿಳಾಸ ಹಾಕಿ ಊರಿಗೆಲ್ಲ ಇದನ್ನು ಕಳಿಸುತ್ತಿದ್ದಾರೆ. ಈ ವಾರ ನನಗೆ ಬಂದ ಬೈಗುಳಗಳಲ್ಲಿ ನಿಮ್ಮದು ಎಲ್ಲಕ್ಕಿಂತ ಉದ್ದ.’

ಅಷ್ಟೇ. ಬೇರೆ ಒಂದು ಶಬ್ದ ಇಲ್ಲ. ಅರ್ಥಗಾರಿಕೆಯಲ್ಲಿ ಐವತ್ತು ವರ್ಷದ ಅನುಭವ ಇರುವವರಿಗೂ ಇಷ್ಟು ಚಿಕ್ಕದರಲ್ಲಿ ಎದುರಿನವನನ್ನು ಕೂರಿಸಲು ಆಗುವುದಿಲ್ಲ. ಕ್ಷಮೆ ಕೇಳಿ ಬರೆದೆ. ಅದಕ್ಕೂ ಉದ್ದ ಜಾಸ್ತಿಯಾಯಿತೋ ಏನೋ, ಉತ್ತರ ಬರಲಿಲ್ಲ.

ಇಂಥದಕ್ಕೆ ‘ಜೋ ಜಾಬ್’ ಎಂದು ಹೆಸರಿದೆ. 1997ರಲ್ಲಿ ಜೋ ಎಂಬವನೊಬ್ಬ ತನ್ನ ತಾಣದಲ್ಲಿ ಸ್ಪ್ಯಾಮ್ ಮಾಡಿದವನ ಖಾತೆ ಕಿತ್ತು ಹಾಕಿದ. ಕಿತ್ತು ಹಾಕಿಸಿಕೊಂಡವನು ಜೋನ ವಿಳಾಸವನ್ನೇ ‘ಇವರಿಂದ’ ಎಂದು ಹಾಕಿ ಸ್ಪ್ಯಾಮ್ ಹಂಚಿದ. ಸಿಟ್ಟಾದ ಸಜ್ಜನರೆಲ್ಲ ಸೇರಿ ಜೋನ ಮೇಲೆ ಬಿದ್ದರು. ತಾನು ಕೈ ಎತ್ತದೆ ನ್ಯಾಯವಂತರ ಕೈಯಿಂದಲೇ ಹೊಡೆಸುವ ಉಪಾಯ. ಶಕುನಿಗೂ ಹೊಳೆದಿರಲಿಲ್ಲ.

ನಮ್ಮಲ್ಲಿ ಮಂಗನ ಕಾಟಕ್ಕೆ ಅಪ್ಪ ಗರ್ನಾಲು ಹೊಡೆಯುತ್ತಿದ್ದದ್ದು ನನಗೆ ಇಲ್ಲಿ ನೆನಪಾಗುತ್ತದೆ. ಸೀಯಾಳ ಎಳೆದು ಹಾಕುವ ಮಂಗಗಳು ಗರ್ನಾಲು ಸಿಡಿದರೆ ಪಕ್ಕದವರ ತೋಟಕ್ಕೆ ಹಾರುತ್ತಿದ್ದವು. ಪಕ್ಕದವರು ಗರ್ನಾಲು ಹೊಡೆದರೆ ವಾಪಸು ನಮ್ಮಲ್ಲಿಗೆ, ಈ ಸಲ ಹೊಟ್ಟೆ ಹಸಿದು. ಎರಡು ಮನೆಗೂ ಮಾತು ಬಿಟ್ಟುಹೋಯಿತು. ಒಂದು ದಿನ ಅಪ್ಪ ಎಸೆದ ಗರ್ನಾಲು ತೆಂಗಿನ ಮಡಲಿಗೆ ತಾಗಿ ತಿರುಗಿ ಬಂದು ನಮ್ಮದೇ ಹಟ್ಟಿಯ ಮಾಡಿನ ಮುಳಿಹುಲ್ಲಿನ ಮೇಲೆ ಕೂತಿತು. ಬೆಂಕಿ ಆರಿಸಲು ಕೊಡಪಾನ ಹಿಡಿದು ಓಡಿ ಬಂದವರು ಆ ಪಕ್ಕದ ಮನೆಯವರೇ. ಮಂಗಗಳು ಹಲಸಿನ ಮರದಲ್ಲಿ ಕೂತು ನೋಡುತ್ತಿದ್ದವು.

ಲೋಕದ ದೊಡ್ಡ ದೊಡ್ಡವರು ಹೊಡೆದ ಗರ್ನಾಲುಗಳೂ ಇದೇ ನಮೂನೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ವಕೀಲ ದಂಪತಿ ಗ್ರೀನ್ ಕಾರ್ಡ್ ಮಾಡಿಸಿಕೊಡುವ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಚರ್ಚಾಕಟ್ಟೆಗಳಿಗೆ ಹಾಕಿದರು. ಜನ ಎಷ್ಟು ಬೈದರೆಂದರೆ ಬೈಗುಳದ ಭಾರಕ್ಕೆ ಅವರಿಗೆ ಇಂಟರ್ನೆಟ್ ಕೊಟ್ಟ ಕಂಪೆನಿಯ ಯಂತ್ರಗಳು ಮತ್ತೆ ಮತ್ತೆ ಮಗುಚಿಬಿದ್ದವು. ಕಂಪೆನಿಯ ಉಳಿದ ಗಿರಾಕಿಗಳೂ ಕತ್ತಲಲ್ಲಿ. ದಂಪತಿಗಳಿಗೆ ನಾಚಿಕೆಯಾಯಿತೇ? ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು ಪುಸ್ತಕ ಬರೆದರು.

ಅಲನ್ ರಾಲ್ಸ್ಕಿಯ ಕಥೆ ಮಾತ್ರ ನನಗೆ ಪಾಯಸ. ಮಿಷಿಗನ್ನಿನ ಈ ಸ್ಪ್ಯಾಮ್ ದೊರೆ ತನ್ನ ದೊಡ್ಡ ಮನೆಯ ಬಗ್ಗೆ ಪತ್ರಿಕೆಯವರ ಹತ್ತಿರ ಜಂಬ ಕೊಚ್ಚಿದ. ಅದು 2002. ಓದಿ ಉರಿದವರು ಮನೆಯ ವಿಳಾಸ ಹುಡುಕಿ ತೆಗೆದು, ಸಿಕ್ಕಸಿಕ್ಕ ಕ್ಯಾಟಲಾಗು, ಮಾದರಿ, ಜಾಹೀರಾತು ಎಲ್ಲಕ್ಕೂ ಅವನ ಹೆಸರು ಬರೆದು ಹಾಕಿದರು. ಚೀಲಗಟ್ಟಲೆ ಕಾಗದ ನಿಜವಾದ ಅಂಚೆಯಲ್ಲೇ ಅವನ ಬಾಗಿಲಿಗೆ. ಕೋಟಿಗಟ್ಟಲೆ ಬೇಡದ ಮೈಲು ಕಳಿಸಿದವನು, ಇದು ಕಿರುಕುಳ ಎಂದು ದೂರಿದ! ಈ ಭಾಗ ಬಂದಾಗ ನಮ್ಮ ಜಗಲಿಯಲ್ಲಿ ಚಪ್ಪಾಳೆ ಬಿದ್ದಿತ್ತು. ಆದರೆ ಅದರಿಂದ ಅವನ ಕಸುಬು ನಿಲ್ಲಲಿಲ್ಲ. ಶಿಕ್ಷೆಯಾದದ್ದು 2009ರಲ್ಲಿ, ಷೇರು ವಂಚನೆಯ ಮೊಕದ್ದಮೆಯಲ್ಲಿ ನ್ಯಾಯಾಲಯ ನಾಲ್ಕು ವರ್ಷ ಚಿಲ್ಲರೆ ಜೈಲು ವಿಧಿಸಿದಾಗ. ಚೀಲ ಹೊತ್ತ ಪೋಸ್ಟ್‌ಮನ್ನನ ಬೆನ್ನಿನ ಬಗ್ಗೆ ಅವತ್ತು ಚಪ್ಪಾಳೆ ತಟ್ಟಿದವರಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

2004ರ ಕೊನೆಗೆ ಲೈಕೋಸ್ ಯುರೋಪ್ ಎಂಬ ಸಂಸ್ಥೆ ಒಂದು ಸ್ಕ್ರೀನ್‌ಸೇವರ್ ಹಂಚಿತು. ನಾವು ಊಟಕ್ಕೆ ಎದ್ದುಹೋದಾಗ ನಮ್ಮ ಕಂಪ್ಯೂಟರು ತನ್ನಷ್ಟಕ್ಕೆ ಸ್ಪ್ಯಾಮ್ ಅಂಗಡಿಗಳ ಬಾಗಿಲು ಬಡಿಯುತ್ತ ಕೂರುತ್ತದೆ, ಲಕ್ಷ ಮಂದಿ ಬಡಿದರೆ ಅಂಗಡಿಯವನ ಖರ್ಚು ಏರುತ್ತದೆ ಎಂಬ ಲೆಕ್ಕ. ಕೆಲವು ಅಂಗಡಿಯವರು ತಮ್ಮ ಬಾಗಿಲನ್ನು ಲೈಕೋಸಿನದೇ ಮನೆಯ ಕಡೆಗೆ ತಿರುಗಿಸಿಟ್ಟರು, ಬಡಿದದ್ದೆಲ್ಲ ಅಲ್ಲಿಗೆ. ಕೆಲವೇ ದಿನದಲ್ಲಿ ಯೋಜನೆ ಮಡಚಿ ಅಟ್ಟಕ್ಕೆ ಹೋಯಿತು.

ಇಸ್ರೇಲಿನ ಬ್ಲೂ ಸೆಕ್ಯುರಿಟಿಯವರ ‘ನೀಲಿ ಕಪ್ಪೆ’ ಇದಕ್ಕಿಂತ ಮರ್ಯಾದಸ್ಥ ಉಪಾಯ. ಒಂದು ಸ್ಪ್ಯಾಮ್ ಬಂದರೆ ಒಂದೇ ಒಂದು ‘ನನ್ನ ಹೆಸರು ತೆಗೆಯಿರಿ’ ಎಂಬ ಮನವಿ. ಸುಮಾರು ಐದು ಲಕ್ಷ ಸದಸ್ಯರು ಒಟ್ಟಿಗೆ ಮನವಿ ಸಲ್ಲಿಸಿದಾಗ ಅದು ಮೆರವಣಿಗೆ. ಸದಸ್ಯರ ವಿಳಾಸ ಬಿಟ್ಟುಕೊಡದೆಯೇ ಸ್ಪ್ಯಾಮ್‌ನವರು ತಮ್ಮ ಪಟ್ಟಿ ಶುದ್ಧ ಮಾಡಿಕೊಳ್ಳಲು ಒಂದು ಸಾಧನವನ್ನೂ ಕೊಟ್ಟಿದ್ದರು. ಎದುರಾಳಿ ಅದನ್ನೇ ಬಳಸಿ, ಶುದ್ಧ ಮಾಡುವ ಮೊದಲಿನ ಪಟ್ಟಿ ಮತ್ತು ಆಮೇಲಿನ ಪಟ್ಟಿಯನ್ನು ಹೋಲಿಸಿದ. ಎರಡರ ನಡುವೆ ಕಾಣೆಯಾದವರೇ ಸದಸ್ಯರು! ಅವರಿಗೆ ಬೆದರಿಕೆಯ ಮೈಲು ಮಳೆಗರೆದ. 2006ರ ಮೇ ತಿಂಗಳಲ್ಲಿ ಕಂಪೆನಿಯ ತಾಣದ ಮೇಲೆಯೇ ದಾಳಿ. ಕಂಪೆನಿ ತಾಣದ ದಾರಿಯನ್ನು ಬೇರೊಂದು ಬ್ಲಾಗು ಸಂಸ್ಥೆಯ ಕಡೆಗೆ ತಿರುಗಿಸಿದಾಗ ದಾಳಿಯೂ ಹಿಂದೆಯೇ ಹೋಗಿ, ಸಂಬಂಧವೇ ಇಲ್ಲದ ಆ ಸಂಸ್ಥೆಯ ಬ್ಲಾಗುಗಳೂ ಮುಳುಗಿದವು. ಆ ತಿಂಗಳು ಮುಗಿಯುವ ಮೊದಲೇ ಕಪ್ಪೆ ಕಣ್ಣು ಮುಚ್ಚಿತು.

ಸೇಡು ತೀರಿಸಿಕೊಳ್ಳುವಾಗ ಕಾನೂನು ನಮ್ಮ ಕಡೆ ಇರುತ್ತದೆ ಎಂಬ ಭ್ರಮೆಯನ್ನೂ ಅಳಿಯ ಉಳಿಸಲಿಲ್ಲ. ಇನ್ನೊಬ್ಬರ ಯಂತ್ರಕ್ಕೆ ಮೈಲು ಸುರಿದು ಮುಳುಗಿಸಿದರೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಎದುರಿನವ ಕಳ್ಳನೆಂಬುದು ಸಮಜಾಯಿಷಿ ಆಗುವುದಿಲ್ಲ. ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಉಳಿದದ್ದಕ್ಕೆ ‘ಸ್ಪ್ಯಾಮ್’ ಎಂದು ಗುರುತು ಹಾಕಿ ಸುಮ್ಮನಿರಬೇಕು. ಸುಮ್ಮನಿರುವುದು! ಅಂದ ಹಾಗೆ ಫೋನಿನಲ್ಲೂ ನಮಗೆ ಕಾಟ ಕಡಿಮೆ ಇಲ್ಲ. ನಮ್ಮದು ಏಳು ಭಾಷೆಯ ನೆಲ ನೋಡಿ, ಸಾಲ ಬೇಕೇ ಎಂದು ಮಲಯಾಳದಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ, ಗುಡ್ಡದ ಆಚೆಯ ಟವರು ಸಿಕ್ಕಿದ ದಿನ ಕನ್ನಡದಲ್ಲೂ ಕೇಳುತ್ತಾರೆ. ತುಳುವಿನಲ್ಲಿ ಈವರೆಗೆ ಯಾರೂ ಕೇಳಿಲ್ಲ. ಕೇಳಿದರೆ ತೆಗೆದುಕೊಳ್ಳುತ್ತೇನೋ ಏನೋ.

ಷಷ್ಠಿ ಕಳೆದು ಅಳಿಯ ಬೆಂಗಳೂರಿಗೆ ಹೋದ ವಾರದಲ್ಲೇ ಅದು ನಡೆಯಿತು. ಬೆಳಗ್ಗೆ ಎದ್ದು ನೋಡಿದರೆ ಸಂಘದ ಡಬ್ಬಿಯಲ್ಲಿ ಎಂಟುನೂರಕ್ಕೂ ಮೇಲೆ ಕಾಗದ, ಹೆಚ್ಚಿನವು ಬರೆದದ್ದು ಒಬ್ಬನೇ: ‘ಮೈಲರ್-ಡೀಮನ್’. ನೀವು ಕಳಿಸಿದ ಕಾಗದ ಮುಟ್ಟಲಿಲ್ಲ, ವಿಳಾಸದಾರರು ಇಲ್ಲ, ಡಬ್ಬಿ ತುಂಬಿದೆ, ನೀವು ಬೇಡದವರು. ನಾನು ಕಳಿಸಿರಲಿಲ್ಲ. ಯಾರೋ ನಮ್ಮ ಯಕ್ಷಗಾನ ಸಂಘದ ಹೆಸರು ಹಾಕಿ ಲೋಕಕ್ಕೆಲ್ಲ ಸ್ಥೂಲಕಾಯ ಕರಗಿಸುವ ಮದ್ದು ಮಾರುತ್ತಿದ್ದ. ಡೀಮನ್ ಎಂದರೆ ಭೂತವೇ ಎಂದು ಅಳಿಯನಿಗೆ ಫೋನ್ ಮಾಡಿ ಕೇಳಿದೆ. ಹೌದಂತೆ, ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ಕೆಲಸ ಮಾಡಿಕೊಡುವ ಶಕ್ತಿಗೆ ಕಂಪ್ಯೂಟರಿನವರು 1960ರ ದಶಕದಲ್ಲೇ ಇಟ್ಟ ಹೆಸರಂತೆ. ಗುಳಿಗನಿಗೆ ಕಲ್ಲು ಹಾಕಿದ ನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೈವವಾದರೆ ವರ್ಷಕ್ಕೊಮ್ಮೆ ಕೋಲ ಕೊಟ್ಟರೆ ಸುಮ್ಮನಾಗುತ್ತದೆ.

ನಿಜ ಹೇಳಬೇಕೆಂದರೆ ಗಾಬರಿಯ ಕೆಳಗೆ ಒಂದು ಹೆಮ್ಮೆಯೂ ಇತ್ತು. ಬ್ಯಾರಿಸ್ಟರು ಕಡೆಗೂ ಸಿಟ್ಟಾಗಿದ್ದಾನೆ. ಸಪಿಂಡಿಯ ಪ್ರಶ್ನೆ ತಾಗಿದೆ. ನನ್ನ ಮಾತಿಗೆ ಪ್ರತಿಯಾಗಿ ಬಾಣ ಬಿಟ್ಟಿದ್ದಾನೆ. ಇದನ್ನು ಅಳಿಯನ ಹತ್ತಿರ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆತ್ತಗೆ ಹೇಳಿದ: “ಸೇಡು ಅಲ್ಲ ಮಾವಾ. ಯಂತ್ರ ಪಟ್ಟಿಯಿಂದ ಒಂದು ಹೆಸರು ಎತ್ತಿದ್ದು, ಅಷ್ಟೇ. ನಿಂಗೊ ಆರು ಹೇಳಿ ಅದಕ್ಕೆ ಗೊಂತೇ ಇಲ್ಲೆ.”

ವಾಲಿಗೆ ಮರದ ಹಿಂದೆ ಕಡೆಗೂ ರಾಮನಾದರೂ ಇದ್ದ.

ಪೆಟ್ಟು ತಾಗಿದ್ದು ಫೆಬ್ರುವರಿಯಲ್ಲಿ. ಸಂಘದ ವಾರ್ಷಿಕ ತಾಳಮದ್ದಳೆಗೆ ಈ ಸಲ ಕಾಗದದ ಆಮಂತ್ರಣ ಬೇಡ, ದುಡ್ಡು ಉಳಿಯುತ್ತದೆ, ಇಮೈಲೇ ಸಾಕು ಎಂದು ಸಭೆಯಲ್ಲಿ ವಾದಿಸಿ ಗೆದ್ದವ ನಾನು. ಇನ್ನೂರೈವತ್ತು ಮಂದಿಗೆ ಕಳಿಸಿದೆ. ಲೋಕಕ್ಕೆಲ್ಲ ಮದ್ದು ಮಾರಿದ ವಿಳಾಸ ಎಂದು ನಮ್ಮ ಸಂಘದ ಹೆಸರು ಅಷ್ಟರಲ್ಲಿ ಕೆಟ್ಟಿತ್ತು. ಬಂದ ಕಾಗದವನ್ನು ಸೋಸುವ ಯಂತ್ರಗಳು ನನ್ನ ಆಮಂತ್ರಣವನ್ನು ನೇರವಾಗಿ ಎಲ್ಲರ ಸ್ಪ್ಯಾಮ್ ಬುಟ್ಟಿಗೆ ಹಾಕಿದವು. ಆ ಯಂತ್ರಗಳ ಹಿಂದಿರುವ ಒಂದು ಲೆಕ್ಕ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಥಾಮಸ್ ಬೇಯ್ಸ್ ಎಂಬ ಪಾದ್ರಿಯದಂತೆ: ಹಿಂದೆ ಯಾವ ಯಾವ ಪದ ಕಸದಲ್ಲಿ ಕಂಡಿತ್ತು ಎಂದು ನೋಡಿ ಮುಂದಿನದನ್ನು ಊಹಿಸುವುದು. ನನ್ನ ಆಮಂತ್ರಣದಲ್ಲಿ ‘ಪ್ರವೇಶ ಉಚಿತ’ ಎಂದು ಮೂರು ಕಡೆ ದಪ್ಪಕ್ಷರದಲ್ಲಿತ್ತು.

ಬಂದವರು ಹನ್ನೊಂದು ಮಂದಿ, ಅದರಲ್ಲಿ ಅಡುಗೆಯವರು ಮೂವರು. ಪುತ್ತೂರು ಕಡೆಯಿಂದ ಬಂದಿದ್ದ ಹಿರಿಯ ಅರ್ಥಧಾರಿಗಳು ಸಾಲು ಸಾಲು ಖಾಲಿ ಕುರ್ಚಿ ನೋಡಿ, “ಹೇಳಿಕೆ ಮಾಡಿದ್ದೀರೋ ಕಾರ್ಯದರ್ಶಿಗಳೇ?” ಎಂದು ಕೇಳಿದರು. ಇಮೈಲು ಮಾಡಿದ್ದೇವೆ ಎಂದೆ. ಅವರು ಶಾಲು ಸರಿಮಾಡಿಕೊಂಡು ಖಾಲಿ ಕುರ್ಚಿಗಳಿಗೇ ಒಂದೂವರೆ ಗಂಟೆ ಪೀಠಿಕೆ ಹೇಳಿದರು. ಅಷ್ಟು ಒಳ್ಳೆಯ ಪೀಠಿಕೆಯನ್ನು ನಾನು ಕೇಳಿದ್ದು ಕಡಿಮೆ. ಇನ್ನೂರು ಮಂದಿಯ ಹೋಳಿಗೆಯನ್ನು ವಾರವಿಡೀ ತಿಂದೆವು.

ಆಮೇಲೆ ನಾನು ಯಾರಿಗೂ ಬರೆದದ್ದಿಲ್ಲ. ಹೋಳಿಗೆಯೊಂದೇ ಕಾರಣವಲ್ಲ. 2025ರ ಮಾರ್ಚ್‌ನಲ್ಲಿ ಪೇಪರಿನಲ್ಲಿ ಬಂದಿತ್ತು: ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸು ಕರೆತಂದರು. ಒಳ್ಳೆಯ ಕೆಲಸ ಎಂದು ನಂಬಿಸಿ ಕರೆದುಕೊಂಡು ಹೋಗಿ, ಪಾಸ್‌ಪೋರ್ಟು ಕಿತ್ತುಕೊಂಡು, ದಿನವಿಡೀ ಊರೂರಿನವರಿಗೆ ಮೋಸದ ಮಾತು ಬರೆಯಲು ಕೂರಿಸುವ 'ಕಚೇರಿ'ಗಳವು. ಮನೆಗೊಬ್ಬರಂತೆ ಗಲ್ಫಿಗೆ ಹೋಗಿರುವ ಊರು ನಮ್ಮದು. ವೀಸಾ, ಏಜೆಂಟು ಎಂಬ ಪದ ಕೇಳಿದರೆ ಇಲ್ಲಿನ ತಾಯಂದಿರಿಗೆ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಓದಿದ ದಿನ ನಾನು ಹಳೆಯ ಸಂವಾದಗಳನ್ನು ತೆರೆದು ನೋಡಿದೆ. ನಾನು ಯಾವ ಹೊತ್ತಿಗೆ ಬರೆದರೂ ಬ್ಯಾರಿಸ್ಟರು ಹತ್ತು ನಿಮಿಷದೊಳಗೆ ಉತ್ತರ ಕೊಟ್ಟಿದ್ದಾನೆ. ರಾತ್ರಿ ಎರಡಕ್ಕೂ, ಮುಂಜಾನೆ ನಾಲ್ಕಕ್ಕೂ. ಕೊನೆಯದಕ್ಕಿಂತ ಹಿಂದಿನ ಕಾಗದದಲ್ಲಿ ಗೋತ್ರ, ಸರ್ಟಿಫಿಕೇಟು ಯಾವುದೂ ಇರಲಿಲ್ಲ. ‘ದಯವಿಟ್ಟು ಇವತ್ತಿನೊಳಗೆ ಏನಾದರೂ ಕಳಿಸಿ ಸರ್. ಹತ್ತು ಡಾಲರಾದರೂ ಸಾಕು.’ ಅದನ್ನು ನಾನು ಜಗಲಿಯಲ್ಲಿ ರಾಗ ಎಳೆದು ಓದಿದ್ದೆ. ಬ್ಯಾರಿಸ್ಟರು ಬಗ್ಗಿದ ಎಂದು ಎಲ್ಲರೂ ನಕ್ಕಿದ್ದೆವು. ಅದೂ ಒಂದು ವರಸೆಯೇ ಇರಬಹುದು. ಇಲ್ಲದಿರಲೂಬಹುದು. ಅಳಿಸಲು ಕೈ ಹೋಗಿ ವಾಪಸು ಬಂತು.

ಕಳೆದ ವಾರ ಸಂಘದ ಡಬ್ಬಿಗೆ ಒಂದು ಕಾಗದ ಬಂತು. ಸ್ಪ್ಯಾನಿಷ್ ಭಾಷೆ. ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿದೆ. ನಮ್ಮ ಹೆಸರಿನಲ್ಲಿ ಹೋದ ಯಾವುದೋ ಹಳೆಯ ಮದ್ದಿನ ಮೈಲು ಈಗ ಕಣ್ಣಿಗೆ ಬಿದ್ದು, ಯಾರೋ ಒಬ್ಬ ಮುದುಕ ನಮ್ಮ ಸಂಘಕ್ಕೆ ಬೈದು ಬರೆದಿದ್ದ. ಮೂರು ಪುಟ. ‘ನಿಮ್ಮ ಆತ್ಮ ಒದ್ದೆ ಚಪ್ಪಲಿ’ ಎಂದು ಯಂತ್ರ ಅನುವಾದಿಸಿತು. ಮೂಲದಲ್ಲಿ ಏನಿತ್ತೋ, ನನಗೆ ಆ ಮಾತು ಹಿಡಿಸಿತು. ಪೀಠಿಕೆ ಗಟ್ಟಿ, ನಡುವೆ ಎರಡು ಕಡೆ ಪುನರುಕ್ತಿ, ಮುಕ್ತಾಯಕ್ಕೆ ಬರುವಾಗ ಉಸಿರು ಹೆಚ್ಚು ಉಳಿಸಿಕೊಂಡಿದ್ದಾನೆ. ತಲೆಗೆ ಮಫ್ಲರು ಸುತ್ತಿ, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತುತ್ತಿರುವವನು ನನಗೆ ಕಣ್ಣೆದುರು ಕಂಡ.

ಉತ್ತರ ಬರೆಯಬೇಡಿ ಎಂದು ಅಳಿಯ ಕೈಮುಗಿದು ಹೇಳಿದ್ದಾನೆ. ಒಳಗಿಂದ “ಉಂಬಲೆ ಬನ್ನಿ” ಎಂದು ಎರಡನೆಯ ಸಲ ಕೂಗಿಯಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಸ್ಪ್ಯಾನಿಷಿಗೆ ತಿರುಗಿಸಿಕೊಂಡು, ಮೂರೇ ಸಾಲು ಬರೆದು ಕಳಿಸಿದೆ: ‘ನಾವು ತಾಳಮದ್ದಳೆ ಆಡುವವರು. ಯಾರೋ ನಮ್ಮ ಹೆಸರು ಹಾಕಿ ಅದನ್ನು ಕಳಿಸಿದ್ದಾರೆ. ಬಂದ ಬೈಗುಳಗಳಲ್ಲಿ ನಿಮ್ಮದು ಎಲ್ಲಕ್ಕಿಂತ ಉದ್ದ.’